ಮೇಸ್ತ್ರಿ ಖಲೀಲನ ನೆಲ

ನೆಲೋಗಿಯ ವಜೀರುನ್ನಿಸಾ ನಲವತ್ತು ವರ್ಷ ಬಳೆಯ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಅವಳ ಎದುರು ಚೌಕಾಸಿಯಲ್ಲಿ ಗೆದ್ದವರು ಕಡಿಮೆ. ಗೆದ್ದೆವೆಂದುಕೊಂಡು ಹೋದವರೇ ಹೆಚ್ಚು.

ಮಗ ಖಲೀಲ ಪುಣೆಯಲ್ಲಿ ಟೈಲ್ಸ್ ಮೇಸ್ತ್ರಿ. ಊರಿಗೆ ಬರುವಾಗಲೆಲ್ಲ, ಮುಗಿದ ಕಟ್ಟಡದಲ್ಲಿ ಉಳಿದ ತುಂಡುಗಳನ್ನು ಕೇಳಿ ಚೀಲದಲ್ಲಿ ತರುತ್ತಿದ್ದ. ಹನ್ನೊಂದು ವರ್ಷಕ್ಕೆ ಮನೆಯ ನೆಲ ತುಂಬಿತು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಆದರೆ ಸಂದಿಯಲ್ಲಿ ಕೂದಲು ತೂರದು.

ಕಳೆದ ತಿಂಗಳು ಪುಣೆಯಲ್ಲಿ ಒಂದು ಗೋಡೆ ಕುಸಿದು ಏಳು ಜನ ಸತ್ತರು. ಅದರಲ್ಲಿ ಖಲೀಲನೂ ಒಬ್ಬ. ಟಿವಿಯಲ್ಲಿ ಹೆಸರು ಬರಲಿಲ್ಲ. 'ಗುಳೆ ಹೋದ ಏಳು ಕೂಲಿಗಳು' ಎಂದು ಬಂತು. ಮಣ್ಣು ಕೊಟ್ಟ ಮೂರನೇ ದಿನ ಕ್ಯಾಮೆರಾದವರು ಬಾಗಿಲಿಗೆ ಬಂದರು. ಸೊಸೆ ಮಸರತ, ಗಂಡ ಸತ್ತವಳು ಪರರ ಕಣ್ಣಿಗೆ ಬೀಳದ ಇದ್ದತ್ತಿನಲ್ಲಿ, ಒಳಕೋಣೆ ಸೇರಿದ್ದಳು, ಮಾತಾಡಬೇಕಾದವಳು ಮುದುಕಿಯೇ. ಅವಳಿಗಿದ್ದದ್ದು ಒಂದೇ ಆಸೆ: ಮಗನನ್ನು ಮೇಸ್ತ್ರಿ ಎನ್ನಬೇಕು, ಅವನ ನೆಲ ತೋರಿಸಬೇಕು.

ವರದಿಗಾರ ಒಳಗೆ ಇಣುಕಿದ. ಮುಖ ಸಣ್ಣದಾಯಿತು.

"ಅಮ್ಮಾ, ಹಿತ್ತಲದಾಗ ಆಡಿನ ದೊಡ್ಡಿ ಅದಲಾ, ಅದರ ಮುಂದ ಕೂಡ್ರಿ. ಇಲ್ಲಿ ಭಾಳ ಹೊಳೀತದ."

"ಹೊಳೀಲಿ ಅಂತೇ ಹಾಕ್ಯಾನ ಬೇಟಾ. ಇದನ್ನ ತೋರ್ಸು."

"ಬಡತನ ಕಾಣಂಗಿಲ್ರಿ."

"ನನಗ ಕಾಣಾಕತ್ತದ. ನಿನ್ನ ಕ್ಯಾಮೆರಾಕ್ಕ ಚಷ್ಮಾ ಹಾಕ್ಸು."

"ಒಂದೀಟು ಅಳ್ರಿ, ಸಾಕು."

"ನಿನ್ನೆತನಕ ಅತ್ತೀನಿ. ನೀ ತಡಾ ಮಾಡಿ ಬಂದಿ."

ಬುಟ್ಟಿಯ ಮೇಲೆ ಯಾವ ಬಳೆ ಇಟ್ಟರೆ ಗಿರಾಕಿ ನಿಲ್ಲುತ್ತಾರೆಂದು ಅವಳಿಗೆ ಗೊತ್ತು. ಈ ಹುಡುಗನಿಗೂ ಗೊತ್ತಿತ್ತು. ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿರಲಿಲ್ಲ. ಮಗ ಹಾಸಿದ ನೆಲದ ಮೇಲೆ ಕುಳಿತಳು, ಏಳಲಿಲ್ಲ.

ಸಂಜೆ ಟಿವಿಯಲ್ಲಿ ದೊಡ್ಡಿ ಬಂತು, ಎರಡು ಆಡು ಬಂದವು. 'ಇಂಥ ಗುಡಿಸಲಲ್ಲೇ ಕೂಲಿಯ ಕುಟುಂಬ' ಎಂಬ ಧ್ವನಿಯ ಹಿಂದೆ ಶಹನಾಯಿ ಅಳುತ್ತಿತ್ತು. ಪಕ್ಕದ ಮನೆಯ ಮಧುಮತಿ ಏನೂ ತೋಚದೆ, "ಆಡು ಚಂದ ಕಂಡಾವ ನೋಡ್ರಿ, ಖಾಲಾ" ಎಂದಳು.

"ಹೂಂ ಬೇ. ಅವು ಕೂಡ್ರು ಅಂದಲ್ಲಿ ಕೂಡ್ತಾವ."

ಮರುದಿನ ಜೇವರ್ಗಿಯಿಂದ ದೌಲತರಾಯ ಎಂಬ ಹಿರಿಯರು, ಟಿವಿ ನೋಡಿ ಮನಸ್ಸು ಕರಗಿ, ಎರಡು ಚಾದರ, ಒಂದು ಚೀಲ ಅಕ್ಕಿ ತಂದರು. ಹೊಸ್ತಿಲಲ್ಲಿ ನೆಲ ಕಂಡು ಹಿಂದೆ ಸರಿದರು.

"ಟಿವ್ಯಾಗ ಬಂದ ಕೂಲಿಯವನ ಮನಿ ಯಾವುದ್ರಿ?"

"ಅದು ಹಿತ್ತಲದಾಗ ಅದರಿ. ಚಾದರ ಅಲ್ಲೇ ಹೊಚ್ಚಿ ಬರ್ರಿ, ಆಡಿಗಿ ಥಂಡಿ ಆಗ್ಯಾದ." ವಜೀರುನ್ನಿಸಾ ಗೋಡೆಗೆ ಒರಗಿದಳು. "ಇದು ಟೈಲ್ಸ್ ಮೇಸ್ತ್ರಿ ಖಲೀಲನ ಮನಿ. ನೋಡೂದಿದ್ರ ಚಪ್ಪಲಿ ಬಿಟ್ಟು ಒಳಗ ಬರ್ರಿ."

ದೌಲತರಾಯರು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟರು. ಆ ನೆಲ ನೋಡಲು ಹೊರಗಿನಿಂದ ಬಂದವರು ಅವರೊಬ್ಬರೇ.