ಮುಂದಿನ ಎರಡು ಗಾಲಿಗಳ ಮೇಲೆ ಬಬಲೇಶ್ವರಕ್ಕೆ

ನನ್ನ ಸೋದರತ್ತೆ ಗಾಡಿ ಓಡಿಸಲು ಕಲಿತದ್ದು ಐವತ್ತೈದು ದಾಟಿದ ಮೇಲೆ. ಘೋಣಸಗಿಯಲ್ಲಿ ಅವಳ ದ್ರಾಕ್ಷಿ ತೋಟ ಹಳ್ಳದ ಆಚೆಗಿದೆ. ಮಳೆ ಬಿದ್ದರೆ ಎರಿ ಮಣ್ಣು ಕಾಲಿನ ಚಪ್ಪಲಿಯನ್ನೂ ಬಿಡುವುದಿಲ್ಲ. ಅದಕ್ಕೇ ಅವಳು, ಇಬ್ಬರು ಓಡಿಸಿ ಕೈಬಿಟ್ಟಿದ್ದ ಹಳೇ ಪಿಕಪ್ ಒಂದನ್ನು ಕೊಂಡಳು. ಲಿವರ್ ಎಳೆದರೆ ನಾಲ್ಕೂ ಗಾಲಿ ಎಳೆಯುವ ಗಾಡಿ. ಮೊದಮೊದಲು ಊರವರು ನಕ್ಕರು. ಕೆಸರಿನಲ್ಲಿ ಸಿಕ್ಕ ಅವರ ಟಂಟಂ ಆಟೋಗಳನ್ನು ಅತ್ತೆ ಹಗ್ಗ ಕಟ್ಟಿ ಎಳೆದು ತೆಗೆದ ಮೇಲೆ ಸುಮ್ಮನಾದರು.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅತ್ತೆಯ ಲೆಕ್ಕದಲ್ಲಿ, ಮಿಕ್ಸರ್‌ನಿಂದ ಹಿಡಿದು ಬೋರಿನ ಮೋಟರ್ ತನಕ ಏನು ಕೆಟ್ಟರೂ ಕಾರಣ ಹೇಳುವುದು ನನ್ನ ಕೆಲಸ. ನನಗೂ ಹೇಳುವ ಚಟ ಇದೆ.

ಹೋದ ವರ್ಷ ಅವಳ ಫೋನು ಬಂತು. "ಗಾಡಿ ನಡಗಾಕತ್ತೈತಿ. ಗೇರ್ ಹಾಕಿ ಕ್ಲಚ್ ಬಿಟ್ಟಕೂಡ್ಲೆ ಕೆಳಗ ಟಣ್ ಅಂತೈತಿ."

"ಗಾಲಿ ಬ್ಯಾಲೆನ್ಸ್ ತಪ್ಪೈತಿ," ಅಂದೆ.

ಅತ್ತೆ ಟಿಕೋಟಾಕ್ಕೆ ಹೋಗಿ ನಾಲ್ಕೂ ಗಾಲಿ ಸರಿ ಮಾಡಿಸಿದಳು. ನಡುಕ ನಿಲ್ಲಲಿಲ್ಲ. ಹಾಗಾದರೆ ಹಿಂದಿನ ಗಾಲಿಗಳ ನಡುವಿನ ಗೇರಿನ ಹೌಸಿಂಗ್‌ನಲ್ಲಿ ಆಯಿಲ್ ಇಲ್ಲ ಅಂದೆ. ಬಿಚ್ಚಿ ನೋಡಿದಳು, ತುಂಬಾ ಇತ್ತು. ಹಾಗಾದರೆ ಕ್ಲಚ್ ಪ್ಲೇಟು ಅಂದೆ.

"ಇದು ಮೂರನೇದು," ಅಂದಳು ಅತ್ತೆ. "ನೀ ಗಾಡಿ ಕಣ್ಣಿಲೆ ನೋಡಿದ್ದು ಯಾವಾಗ?"

ನೋಡಿರಲಿಲ್ಲ. ಅದಕ್ಕೇ ಒಂದು ಶನಿವಾರ ಅತ್ತೆ ಗಾಡಿಯನ್ನು ವಿಜಯಪುರದ ಸೊಲ್ಲಾಪುರ ರಸ್ತೆಯ ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ತಂದಳು. ನಾನೂ ಹೋದೆ. ಮಿಸ್ತ್ರಿ ಎಂಜಿನ್ ಚಾಲೂ ಮಾಡಿಸಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಸರಿದರು. ಏನನ್ನೋ ಹಿಡಿದು ತಿರುವಿದರು. ಟಣ್ ಅಂತು.

"ಸರ್, ನೀವೂ ಬರ್ರಿ," ಅಂದರು. ನಾನು ಬಿಳಿ ಅಂಗಿ ಹಾಕಿಕೊಂಡಿದ್ದೆ. ಆದರೂ ಹೋಗಿ ಅವರ ಪಕ್ಕದಲ್ಲಿ ಮಲಗಿದೆ.

ಗೇರ್‌ಬಾಕ್ಸಿನ ಕಡೆಯಿಂದ ಎರಡು ಉದ್ದನೆಯ ಶಾಫ್ಟು ಹೊರಟಿದ್ದವು. ಒಂದು ಹಿಂದಿನ ಗಾಲಿಗಳಿಗೆ, ಇನ್ನೊಂದು ಮುಂದಿನ ಗಾಲಿಗಳಿಗೆ. ಹಿಂದಿನ ಶಾಫ್ಟಿನ ತುದಿಯ ಕೀಲಿನ ಸುತ್ತ ಇಟ್ಟಂಗಿ ಪುಡಿಯಂಥ ಕೆಂಪು ಧೂಳು ಕೂತಿತ್ತು.

"ತುಕ್ಕು," ಅಂದರು ಮಿಸ್ತ್ರಿ. "ಜಾಯಿಂಟ್ ಕ್ರಾಸ್ ಒಳಗ ಬೇರಿಂಗ್ ಪುಡಿಯಾಗ್ಯಾವ. ಗ್ರೀಸ್ ಕಂಡು ಎಷ್ಟು ವರ್ಷ ಆತೋ." ಹೊರಗೆ ಬಂದು ಅತ್ತೆಗೆ ಹೇಳಿದರು, "ಸಾಮಾನು ಬುಧವಾರ ಬರ್ತೈತ್ರಿ ಅಕ್ಕಾರ. ಅಲ್ಲೀತನಕ ಮೂವತ್ತರ ಮ್ಯಾಲ ಹೋಗಬ್ಯಾಡ್ರಿ."

ಮರುದಿನವೇ ಬಬಲೇಶ್ವರದಲ್ಲಿ ಅತ್ತೆಯ ಮಗಳ ಮನೆಯಲ್ಲಿ ಮೊಮ್ಮಗಳ ಕೂಸಿಗೆ ಹೆಸರಿಡುವುದಿತ್ತು. ಮನೆಯ ಮಕ್ಕಳೆಲ್ಲ ಮಲಗಿ ಎದ್ದ ಮರದ ತೊಟ್ಟಿಲನ್ನು ಅತ್ತೆ ಒಯ್ಯಬೇಕಿತ್ತು. ಶನಿವಾರ ರಾತ್ರಿಯೇ ನಾನೂ ಅವಳ ಜೊತೆ ಘೋಣಸಗಿಗೆ ಹೋದೆ. ಬೆಳಿಗ್ಗೆ ತೊಟ್ಟಿಲನ್ನು ಹಿಂದೆ ಕಟ್ಟಿ, ನನ್ನನ್ನು ಓಡಿಸಲು ಕೂರಿಸಿ, ತಾನು ಪಕ್ಕದಲ್ಲಿ ಕೂತಳು.

ಟಿಕೋಟಾ ದಾಟಿದ ಮೇಲೆ ನನ್ನೊಳಗಿನ ಮಾಸ್ತರ ಎದ್ದ. "ಅತ್ತಿ, ನಡುಕಕ್ಕ ತನ್ನದೇ ಒಂದು ವೇಗ ಇರ್ತೈತಿ. ಅದನ್ನ ದಾಟಿದ್ರ ತಾನಾಗೇ ಕಡಿಮಿ ಆಕ್ಕೈತಿ."

"ಮಿಸ್ತ್ರಿ ಮೂವತ್ತು ಅಂದಾನ."

"ಮಿಸ್ತ್ರಿಗೆ ಅನುಭವ ಐತಿ. ಇದು ಶಾಸ್ತ್ರ."

ನಲವತ್ತಕ್ಕೆ ಬಾಗಿಲುಗಳು ಗಡಗಡ ಅಂದವು. ಐವತ್ತೈದಕ್ಕೆ ನಡುಕ ನಿಜವಾಗಿಯೂ ಕಡಿಮೆಯಾಯಿತು. ನಾನು ಅತ್ತೆಯ ಕಡೆ ತಿರುಗಿ "ನೋಡು" ಅಂದೆ. ಅಷ್ಟರಲ್ಲಿ ಕೆಳಗೆ ಯಾರೋ ಕಬ್ಬಿಣದ ಬಾಗಿಲು ಒದ್ದಂತೆ ಸದ್ದಾಯಿತು. ಶಾಫ್ಟಿನ ಹಿಂದಿನ ತುದಿ ಕಳಚಿ ರಸ್ತೆಯನ್ನು ಕೆರೆಯುತ್ತ ಬಂತು. ಬ್ರೇಕ್ ಹಾಕಿ ನಿಲ್ಲಿಸಿದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಳಿದು ಬಗ್ಗಿ ನೋಡಿ ಕೇಳಿದಳು, "ಮುಂದಿನದು ಸರಿ ಐತಲ್ಲ? ಅದರ ಮ್ಯಾಲ ಹೋಗಾಕ ಬರೂದಿಲ್ಲೇನು?"

ಬರುತ್ತದೆ. ಆ ಮಾತು ನನಗೆ ಹೊಳೆದಿರಲಿಲ್ಲ. ಕಳಚಿದ ಶಾಫ್ಟಿನ ಇನ್ನೊಂದು ತುದಿಯ ನಾಲ್ಕು ಬೋಲ್ಟ್ ಬಿಚ್ಚಿ ಅದನ್ನು ಹೊರತೆಗೆದೆವು. ಹಿಂದೆ ಸುಮ್ಮನೆ ಇಟ್ಟರೆ ಉರುಳಿ ತೊಟ್ಟಿಲಿನ ಕಾಲು ಮುರಿದೀತೆಂದು ಅತ್ತೆ ಅದನ್ನು ಗೋಣಿಯಲ್ಲಿ ಸುತ್ತಿ ತೊಟ್ಟಿಲೊಳಗೇ ಮಲಗಿಸಿದಳು. ನಾನು ಲಿವರ್ ಎಳೆದೆ. ಗಾಲಿಯನ್ನು ಅದರ ಅಚ್ಚಿಗೆ ಜೋಡಿಸುವ, ಮುಂದಿನ ಗಾಲಿಯ ನಡುವಿನ ಬಿಲ್ಲೆಯನ್ನು ತಿರುವಿ ಲಾಕ್ ಮಾಡಿದೆ. ಕ್ಲಚ್ ಬಿಟ್ಟೆ. ಎಂಜಿನ್ ಕೂಗಿತು, ಗಾಡಿ ಕದಲಲಿಲ್ಲ. ಗೇರ್‌ಬಾಕ್ಸೂ ಹೋಯಿತು ಎಂದು ತೀರ್ಮಾನಿಸಿದೆ. ಅದು ನನ್ನ ನಾಲ್ಕನೇ ತೀರ್ಮಾನ.

ಅತ್ತೆ ಕಿಟಕಿಯಿಂದ ಬಗ್ಗಿದಳು. "ನಿನ್ನ ಕಡೆ ಬಿಲ್ಲಿ ತಿರುವಿದಿ. ನನ್ನ ಕಡೇದು ಯಾರು ತಿರುವವ್ರು?"

ಒಂದು ಬದಿ ಸಡಿಲವಾಗಿದ್ದರೆ ಆ ಬದಿಯೊಂದೇ ತಿರುಗುತ್ತದೆ, ಇನ್ನೊಂದು ಬದಿಯ ಗಾಲಿ ಕದಲುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಚಿತ್ರ ಬರೆದು ಕಲಿಸಿದ್ದೇನೆ. ಇಳಿದು ಹೋಗಿ ಆ ಕಡೆಯದನ್ನೂ ತಿರುವಿದೆ. ಗಾಡಿ ಹೊರಟಿತು.

ಬಬಲೇಶ್ವರ ಮುಟ್ಟುವತನಕ ನಾನು ಮೂವತ್ತು ದಾಟಲಿಲ್ಲ. ಮಗಳ ಮನೆಯ ಓಣಿಯಲ್ಲಿ ಹೊಸದಾಗಿ ಕಡಿಗಲ್ಲು ಹಾಕಿದ್ದ ಒಂದು ಏರು. ಮುಂದಿನ ಗಾಲಿಗಳು ಅಲ್ಲೇ ತಿರುಗಿ ಕಲ್ಲು ಚಿಮ್ಮಿಸಿದವು. ಮನೆಯ ಮುಂದೆ ಕೂತಿದ್ದ ನೆಂಟರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ದೂಡಾಕ ಮಂದಿ ಕರೀಲೇನು?" ಅಂದಳು ಅತ್ತೆ.

"ತಡಿ. ಹಿಂದಹಿಂದಕ ಹತ್ತಿಸಿದ್ರ ಭಾರ ಎಲ್ಲ ಮುಂದಿನ ಗಾಲಿ ಮ್ಯಾಲ ಬೀಳ್ತೈತಿ."

ಅತ್ತೆ ನನ್ನ ಮುಖವನ್ನೇ ನೋಡಿದಳು. ನನಗೂ ಧೈರ್ಯವಿರಲಿಲ್ಲ. ಗಾಡಿ ತಿರುಗಿಸಿ ರಿವರ್ಸ್ ಹಾಕಿದೆ. ಎಮ್ಮೆ ಕೊಟ್ಟಿಗೆಗೆ ಹೋಗುವಷ್ಟು ನಿಧಾನಕ್ಕೆ, ಆದರೆ ನಿಲ್ಲದೆ, ಏರು ಹತ್ತಿತು. ಅತ್ತೆ ಸೆರಗಿನಿಂದ ನನ್ನ ಹಣೆಯ ಗ್ರೀಸ್ ಒರೆಸಿದಳು.

ತೊಟ್ಟಿಲು ಮೊದಲು, ನಾವು ಆಮೇಲೆ. ಹೆಣ್ಣುಮಕ್ಕಳು ಆರತಿ ಹಿಡಿದು ಬಂದು ತೊಟ್ಟಿಲು ಇಳಿಸಿಕೊಂಡರು. "ಎಷ್ಟು ಭಾರ ಐತಿ," ಅನ್ನುತ್ತ ಒಬ್ಬಳು ಗೋಣಿ ಸರಿಸಿದಳು. ಒಳಗೆ ಎಣ್ಣೆ ಮೆತ್ತಿದ ಕಪ್ಪು ಶಾಫ್ಟು ತಣ್ಣಗೆ ಮಲಗಿತ್ತು. ಆರತಿ ಹಿಡಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕೊನೆಗೆ ಅತ್ತೆಯ ಬೀಗತಿ, ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಸಣ್ಣ ಮಾಡಿ ನೋಡಿ ಕೇಳಿದಳು, "ಇವತ್ತ ಹೆಸರ ಇಡೂದು ಇದಕ್ಕೇನು?"

"ಇದರದು ಬುಧವಾರ," ಅಂದಳು ಅತ್ತೆ.

ತೊಟ್ಟಿಲನ್ನು ಸಾಬೂನು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟು ಒಣಗಿಸುವತನಕ ಹೆಸರಿಡುವುದು ಒಂದು ತಾಸು ತಡವಾಯಿತು. ಕೂಸು ಅಷ್ಟೂ ಹೊತ್ತು ನಿದ್ದೆ ಮಾಡಿತು.

ಬುಧವಾರ ಮಿಸ್ತ್ರಿ ಮುರಿದ ಕೀಲನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಎಷ್ಟರಾಗ ಹೋಗಿದ್ರಿ ಅಕ್ಕಾರ?"

"ಇಪ್ಪತ್ತೈದು," ಅಂದಳು ಅತ್ತೆ, ರಸ್ತೆಯ ಕಡೆ ನೋಡುತ್ತ.

ಮಿಸ್ತ್ರಿ ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವರು ಹೊಸ ಕ್ರಾಸ್ ಕೂರಿಸಿ, ಗ್ರೀಸ್ ತುಂಬಿ, ಗಾಡಿ ಹೊರಗೆ ತಂದರು. ಕೀಲಿಕೈ ಕೊಡುವಾಗ ನನ್ನ ಕೈ ದಾಟಿಸಿ ನೇರ ಅತ್ತೆಯ ಕೈಗೇ ಇಟ್ಟರು.