ಚಿಕ್ಕಮ್ಮ ತೊಳೆದ ಕನ್ನಡಕಗಳು

ಚಿತ್ರಮಂದಿರದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನನ್ನ ಚಿಕ್ಕಮ್ಮ ಆರು ವರ್ಷದಿಂದ ತ್ರೀಡಿ ಕನ್ನಡಕ ತೊಳೆಯುತ್ತಿದ್ದಾಳೆ. ಕೋಣೆಗೆ ಕಿಟಕಿಯಿಲ್ಲ. ಒಂದು ನಲ್ಲಿ, ಎರಡು ಟಬ್ಬು, ಒಣಗಿಸಲು ತಂತಿಯ ಜಾಲರಿಗಳು, ಒಂದು ಟೇಬಲ್ ಫ್ಯಾನು. ಮೊದಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ಸೋಪಿನ ನೀರು, ಎರಡನೆಯದರಲ್ಲಿ ಬರೀ ನೀರು. ನೀರು ತೀರಾ ಬಿಸಿಯಾದರೆ ಕನ್ನಡಕ ಮಸುಕಾಗುತ್ತದೆ ಎಂಬುದನ್ನು ಅವಳು ಮೊದಲ ವಾರವೇ ಬೈಸಿಕೊಂಡು ಕಲಿತಿದ್ದಳು.

ಬಾಹ್ಯಾಕಾಶದ ಆ ಸಿನಿಮಾ ಬಂದ ಮೇಲೆ ಅವಳಿಗೆ ಊಟ ಸೇರುವುದೇ ಕಡಿಮೆಯಾಯಿತು. ಬೇರೊಂದು ಗ್ರಹದಲ್ಲಿ ನೇರಳೆ ಸಮುದ್ರವಂತೆ, ಅದರೊಳಗೆ ದೀಪದ ಹಾಗೆ ಹೊಳೆಯುವ ಪ್ರಾಣಿಗಳಂತೆ, ಅವು ಪರದೆ ದಾಟಿ ನೋಡುವವರ ಮಡಿಲಿಗೇ ಬರುತ್ತವಂತೆ. ದಿನಕ್ಕೆ ನಾಲ್ಕು ಆಟ, ನಾಲ್ಕೂ ಹೌಸ್‌ಫುಲ್. ಆಟಕ್ಕೆ ಮುನ್ನೂರ ಎಂಬತ್ತು ಕನ್ನಡಕ. ಜನ ಬೆರಗಾಗಿ ಹೊರಬರುತ್ತಿದ್ದರು. ಅವರು ಬಿಟ್ಟುಹೋದದ್ದೆಲ್ಲ ಚಿಕ್ಕಮ್ಮನ ಟಬ್ಬಿಗೆ ಬೀಳುತ್ತಿತ್ತು: ಮೂಗಿನ ಬೆವರಿನ ಜಿಡ್ಡು, ಕರಗಿದ ಪೌಡರು, ಪಾಪ್‌ಕಾರ್ನಿನ ಬೆಣ್ಣೆ, ಕಣ್ಣಿನ ಗೀಜು, ಕಿವಿಗೆ ಸಿಕ್ಕಿಸುವ ಕಡ್ಡಿಗೆ ಅಂಟಿಸಿದ ಚ್ಯೂಯಿಂಗ್ ಗಮ್ಮು. ಕಡ್ಡಿಯನ್ನು ಚೀಪಿದ್ದು ಮಗುವೋ ದೊಡ್ಡವರೋ ಎಂದು ಅವಳು ಹಲ್ಲಿನ ಗುರುತು ನೋಡಿ ಹೇಳುತ್ತಿದ್ದಳು. ದೊಡ್ಡವರೂ ಚೀಪುತ್ತಿದ್ದರು. ನೌಕೆ ಗಿರಗಿರನೆ ತಿರುಗುವ ದೃಶ್ಯದಲ್ಲಿ ದಿನಕ್ಕೊಬ್ಬರಾದರೂ ವಾಂತಿ ಮಾಡಿಕೊಳ್ಳುತ್ತಿದ್ದರು. ಆ ಕನ್ನಡಕವೂ ಬರುತ್ತಿತ್ತು.

"ಎರಡೂವರೆ ಗಂಟೆ ಸ್ವರ್ಗ ನೋಡ್ತಾರೆ, ಒಂದು ಕರ್ಚೀಫು ಇಟ್ಕೊಳ್ಳೋ ಯೋಗ್ಯತೆ ಇಲ್ಲ," ಎನ್ನುತ್ತಿದ್ದಳು. ಅವಳು ಮಾತ್ರ ಸಿನಿಮಾ ನೋಡಿರಲಿಲ್ಲ. ಮ್ಯಾನೇಜರು ಬಿಟ್ಟಿ ಟಿಕೆಟ್ ಕೊಡುತ್ತೇನೆಂದಾಗ, "ಇದನ್ನ ಮೂಗಿನ ಮೇಲೆ ಬೇರೆ ಇಟ್ಕೊಳ್ಳಲಾ ನಾನು?" ಎಂದಿದ್ದಳು.

ಎರಡು ಆಟಗಳ ನಡುವೆ ಸಿಗುತ್ತಿದ್ದುದು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಎಲ್ಲ ತೊಳೆದು ಮುಗಿಯದೆ ಆಟ ತಡವಾಗುತ್ತಿತ್ತು. ಮೂರನೇ ವಾರ ಮ್ಯಾನೇಜರು ಒಂದು ಕಟ್ಟು ಪ್ಲಾಸ್ಟಿಕ್ ಕವರು ತಂದ. ಪ್ರತಿಯೊಂದರ ಮೇಲೂ 'ಶುದ್ಧೀಕರಿಸಲಾಗಿದೆ' ಎಂದು ಅಚ್ಚಾಗಿತ್ತು.

"ಇನ್ಮೇಲೆ ಸೋಪು ಗೀಪು ಬೇಡಮ್ಮ. ಒದ್ದೆ ಬಟ್ಟೇಲಿ ಒಂದ್ಸಲ ಒರೆಸು, ಇದರೊಳಗೆ ಹಾಕು, ಅಂಟಿಸು."

"ಮುನ್ನೂರ ಎಂಬತ್ತಕ್ಕೂ ಒಂದೇ ಬಟ್ಟೇನಾ?"

"ಎರಡು ತಗೋ."

"ಸರ್, ಕಣ್ಣಿಗೆ ಹಾಕೋ ಸಾಮಾನು ಅದು."

"ಆಗದಿದ್ರೆ ಹೇಳು. ಒರೆಸೋ ಕೈಗೇನು ಬರವಿಲ್ಲ."

ಮನೆ ನಡೆಯುತ್ತಿದ್ದುದು ಅವಳ ಕೆಲಸದಿಂದ ಮತ್ತು ಮಗಳ ಕಸೂತಿಯಿಂದ. ಚಿಕ್ಕಮ್ಮ ಕವರಿನ ಕಟ್ಟು ಎತ್ತಿಕೊಂಡಳು. ಹತ್ತನೇ ಕನ್ನಡಕಕ್ಕೇ ಬಟ್ಟೆ ಲೋಳೆಯಾಗುತ್ತಿತ್ತು. ಒಬ್ಬರ ಗೀಜನ್ನು ಇನ್ನೊಬ್ಬರಿಗೆ ಸವರುತ್ತಿದ್ದೇನೆ ಎಂದು ಗೊತ್ತಿದ್ದೇ ಹತ್ತು ದಿನ ಒರೆಸಿದಳು, ಅಂಟಿಸಿದಳು. ಮನೆಗೆ ಬಂದು ಮೊಣಕೈವರೆಗೆ ಮೂರು ಸಲ ತೊಳೆದುಕೊಂಡರೂ ಆ ಕೈಯಲ್ಲಿ ತುತ್ತು ಎತ್ತಲು ಅವಳಿಗೆ ಹೇಸಿಗೆ.

ಹನ್ನೊಂದನೆಯ ಬೆಳಗ್ಗೆ ಮಗಳಿಗೆ ಕಣ್ಣು ಬಿಡಲಾಗಲಿಲ್ಲ. ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿದ್ದವು.

"ಏನು ಹಾಕ್ಕೊಂಡೆ ಕಣ್ಣಿಗೆ?"

"ಏನಿಲ್ಲ. ಸಿನಿಮಾ ನೋಡಿದೆ. ಬೈತೀಯ ಅಂತ ಹೇಳಲಿಲ್ಲ."

"ಎಲ್ಲಿ?"

"ನಿಮ್ಮಲ್ಲೇ. ಮೂರು ಸಲ. ಕನ್ನಡಕ ಕವರಲ್ಲಿತ್ತಮ್ಮ. ಬೇರೆಯವರಾದ್ರೆ ಒರೆಸ್ಕೋತಾರೆ. ನಮ್ಮಮ್ಮ ತೊಳೆದಿದ್ದಲ್ವಾ ಅಂತ ನಾನು ಹಾಗೇ ಹಾಕ್ಕೊಂಡೆ."

ಚಿಕ್ಕಮ್ಮ ಅವಳನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಸೋಂಕು ಕಣ್ಣಿನ ಕಪ್ಪುಗುಡ್ಡೆಗೂ ಇಳಿದಿದೆ, ಹದಿನೈದು ದಿನ ಸೂಜಿ ಮುಟ್ಟುವಂತಿಲ್ಲ, ದೃಷ್ಟಿ ಪೂರ್ತಿ ಮರಳುತ್ತದೆಯೇ ಎಂಬುದನ್ನು ಆಮೇಲೆ ನೋಡೋಣ ಎಂದರು ವೈದ್ಯರು.

ಮರುದಿನ ಮೊದಲ ಆಟ ಮುಗಿದು ಕನ್ನಡಕಗಳ ರಾಶಿ ಬಂದಾಗ ಅವಳು ಟಬ್ಬಿಗೆ ಸೋಪು ಹಾಕಿದಳು. ಎರಡನೇ ಆಟದ ಹೊತ್ತಿಗೆ ತೊಳೆದದ್ದು ನೂರಿಪ್ಪತ್ತು. ಮೇಲೆ ಜನ ಕಾಲಿನಿಂದ ನೆಲ ಬಡಿಯತೊಡಗಿದರು. ಮ್ಯಾನೇಜರು ಧಡಧಡನೆ ಇಳಿದು ಬಂದ. ಚಿಕ್ಕಮ್ಮ ಹಿಂದೆ ತಾನೇ ಒರೆಸಿ ಅಂಟಿಸಿದ್ದರಲ್ಲಿ ಉಳಿದಿದ್ದ ಒಂದು ಕನ್ನಡಕವನ್ನು ಕವರಿನ ಸಮೇತ ಅವನ ಮುಂದೆ ಹಿಡಿದಳು.

"ತಗೊಳ್ಳಿ ಸರ್. ಶುದ್ಧವಾಗಿದೆ. ಹಾಕ್ಕೊಳ್ಳಿ ಒಂದ್ಸಲ."

ಅವನ ಕೈ ತಾನಾಗಿಯೇ ತನ್ನ ಜೇಬಿಗೆ ಹೋಯಿತು. ಹೊರಬಂದದ್ದು ಡಬ್ಬಿಯಲ್ಲಿಟ್ಟ ಅವನದೇ ತ್ರೀಡಿ ಕನ್ನಡಕ.

"ಓಹೋ, ಸಾಹೇಬರದ್ದು ಬೇರೆ!"

ಅಷ್ಟರಲ್ಲಿ ಜನ ಮೆಟ್ಟಿಲಿಳಿದು ಬಾಗಿಲಿಗೇ ಬಂದರು. ಚಿಕ್ಕಮ್ಮ ಟಬ್ಬು ತೋರಿಸಿದಳು. ಬೂದು ನೀರು, ಮೇಲೆ ಎಣ್ಣೆಯ ಕೆನೆ, ಅದರಲ್ಲಿ ರೆಪ್ಪೆಗೂದಲು.

"ನೋಡಿ, ಇದೆಲ್ಲ ಮುಖಗಳದ್ದು. ಆ ರಾಶಿ ಇನ್ನೂ ತೊಳೆದಿಲ್ಲ. ಮುಕ್ಕಾಲು ಗಂಟೆ ತಾಳಿ, ತೊಳೆದು ಕೊಡ್ತೀನಿ. ನನ್ನ ಮಗಳ ಕಣ್ಣೇ ಹೋಗೋದ್ರಲ್ಲಿದೆ."

ಇಸ್ತ್ರಿ ಅಂಗಿಯವನೊಬ್ಬ "ಥೂ" ಎಂದು ಮೂಗು ಮುಚ್ಚಿಕೊಂಡ. ಇವರು ತಾಳುತ್ತಾರೆ ಎಂದು ಅವಳಿಗೆ ಅನ್ನಿಸಿತು. ಆಗಲೇ ಮೇಲಿನಿಂದ ಸಂಗೀತ ಕೇಳಿಸಿತು. "ಶುರುವಾಯ್ತು! ಸಮುದ್ರದ ಸೀನು ಮೊದಲೇ ಬರೋದು!" ಎಂದು ಯಾರೋ ಕೂಗಿದರು. ಇಸ್ತ್ರಿ ಅಂಗಿಯವನು ಅದೇ ಕೈ ಚಾಚಿ ತೊಳೆಯದ ರಾಶಿಯಿಂದ ಎರಡು ಎತ್ತಿಕೊಂಡು, ಅಂಗಿಯ ತುದಿಗೆ ಉಜ್ಜಿ, ಓಡಿದ. ಹಿಂದೆಯೇ ಉಳಿದವರೂ ಮುಗಿಬಿದ್ದರು. ಎರಡು ನಿಮಿಷದಲ್ಲಿ ಕೊಳಕು ರಾಶಿ ಖಾಲಿ. ಸಿಗದವರು, ಒದ್ದೆಯದು ಯಾರಿಗೆ ಬೇಕು, ಜೊತೆಯವರದ್ದರಲ್ಲೇ ನೋಡೋಣ ಎಂದು ಓಡಿದರು. ತೊಳೆದ ನೂರಿಪ್ಪತ್ತು ಜಾಲರಿಯ ಮೇಲೆ ನೀರು ತೊಟ್ಟಿಕ್ಕುತ್ತ ಹಾಗೇ ಉಳಿದವು.

"ನೋಡಿದ್ಯಾ? ಅವರಿಗೇ ಬೇಡ ನಿನ್ನ ಸೋಪು," ಎಂದು ಮ್ಯಾನೇಜರು ನಕ್ಕ.

"ಬೇಡದಿದ್ರೆ ಬೇಡ. ಈ ಸುಳ್ಳನ್ನ ಮಾತ್ರ ಇನ್ನು ನನ್ನ ಕೈಯಲ್ಲಿ ಅಂಟಿಸಲ್ಲ," ಎಂದು ಚಿಕ್ಕಮ್ಮ ಕವರಿನ ಕಟ್ಟನ್ನು ಹಾಗೇ ಬೂದು ನೀರಿಗೆ ಹಾಕಿ ಒತ್ತಿ ಹಿಡಿದಳು. ಅವನು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆ ಟಬ್ಬಿಗೆ ಕೈ ಹಾಕುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ರಾತ್ರಿ ಮನೆಯಲ್ಲಿ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣಿಗೆ ಔಷಧ ಬಿಡುತ್ತಿದ್ದಳು.

"ಅಮ್ಮ, ಆ ಸಮುದ್ರ ಇದೆಯಲ್ಲ, ಆ ಬಣ್ಣದ ದಾರ ಯಾವ ಅಂಗಡೀಲೂ ಸಿಗಲ್ಲ," ಎಂದಳು ಮಗಳು. "ವಾಸಿಯಾದ ಮೇಲೆ ಇನ್ನೊಂದೇ ಒಂದು ಸಲ ನೋಡ್ತೀನಿ. ನೀನೇ ತೊಳೆದಿದ್ದು ಒಂದು ತೆಗೆದಿಡ್ತೀಯಾ?"

ಸೋಪಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳಿನಿಂದ ಚಿಕ್ಕಮ್ಮ ಅವಳ ರೆಪ್ಪೆ ಅಗಲಿಸಿದಳು.

"ಥೂ, ನಿಮ್ಮೆಲ್ಲರ ಜನ್ಮಕ್ಕಿಷ್ಟು! ಬಾಯಿ ಮುಚ್ಚು. ಮೇಲೆ ನೋಡು."