ಚೊಕ್ಕಣ್ಣ ಕಟ್ಟಿದ ಪಾಳು ಮನೆ

ಚೊಕ್ಕಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಬಾಗಿಲ ಮುಂದಿನ ಚಪ್ಪಲಿಗಳನ್ನು ಡ್ರಿಲ್ ಮಾಸ್ತರನಂತೆ ಸಾಲಾಗಿ ನಿಲ್ಲಿಸುವ, ಬೇರೆಯವರ ಮನೆಗೆ ಹೋದಾಗಲೂ ಗೋಡೆಯ ಫೋಟೋ ವಾರೆಯಾಗಿದ್ದರೆ ಮಾತಿನ ನಡುವೆಯೇ ಎದ್ದು ನೆಟ್ಟಗೆ ಮಾಡಿ ಬರುವ ಮನುಷ್ಯನ ಮೈಮೇಲೆ ಆ ಹೆಸರು ಹೆಚ್ಚು ದಿನ ನಿಲ್ಲಲಿಲ್ಲ. ಚೊಕ್ಕಣ್ಣ ಎಂದು ಮೊದಲು ಕರೆದವರು ಯಾರೋ, ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಕಸುಬೂ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಬಿಲ್ಡರುಗಳು ಇನ್ನೂ ಕಟ್ಟಿರದ ಮನೆಗಳನ್ನು ಮಾರಲು ಆಫೀಸಿನಲ್ಲಿ ಇಡುತ್ತಾರಲ್ಲ, ಆ ಪುಟ್ಟ ಮಾದರಿಗಳನ್ನು ಮಾಡುವುದು. ಬೆಂಕಿಪೊಟ್ಟಣದಷ್ಟು ಸೋಫಾ, ಉಗುರಿನಷ್ಟು ದಿಂಬು, ಸ್ಪಂಜಿನ ಮರ. ಅವನ ಮನೆಗಳಲ್ಲಿ ಯಾರೂ ಎಂದೂ ಎಣ್ಣೆ ಸಿಡಿಸಿರಲಿಲ್ಲ, ಒದ್ದೆ ಕಾಲಲ್ಲಿ ಓಡಾಡಿರಲಿಲ್ಲ. ಅವನಿಗಿದ್ದ ಕೊರಗು ಒಂದೇ: ಫ್ಲ್ಯಾಟುಗಳೆಲ್ಲ ಮಾರಿಹೋದ ಮೇಲೆ ಮಾದರಿ ನೇರ ಗುಜರಿಗೆ. ತಿಂಗಳುಗಟ್ಟಲೆ ಕಣ್ಣು ಕೀಲಿಸಿಕೊಂಡು ಮಾಡಿದ ಒಂದು ಕಟ್ಟಡ ಬಿಲ್ಡರನ ಹಿತ್ತಿಲಿನಲ್ಲಿ ಬಿದ್ದಿದ್ದನ್ನು ಅವನು ಒಮ್ಮೆ ಕಣ್ಣಾರೆ ಕಂಡಿದ್ದ. ಅದರ ಮೇಲಿನ ಮಹಡಿಯಲ್ಲಿ ಬೆಕ್ಕು ಮರಿ ಹಾಕಿತ್ತು.

"ಬೆಕ್ಕಾದ್ರೂ ಒಳ್ಳೇ ಗಾಳಿ ಬೆಳಕು ಇರೋ ಫ್ಲೋರನ್ನೇ ಹಿಡಿದಿದೆ ಬಿಡಿ" ಎಂದಿದ್ದಳು ಹೆಂಡತಿ. ಅವನಿಗೆ ನಗು ಬಂದಿರಲಿಲ್ಲ.

ಹೀಗಿರುವಾಗ ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಒಂದು ದಿನ ಅವನ ವರ್ಕ್‌ಶಾಪಿಗೆ ಬಂದರು. ಮನೆಗಳ ಬಗ್ಗೆ ಹೊಸ ವಿಭಾಗ ತೆರೆಯುತ್ತಿದ್ದಾರಂತೆ. ಗಾಜಿನ ಪೆಟ್ಟಿಗೆಯಲ್ಲಿ ಖಾಯಂ ಆಗಿ ಇಡಲು ಒಂದು ಮಾದರಿ ಬೇಕು. ಖಾಯಂ ಎಂದದ್ದೇ ತಡ, ಚೊಕ್ಕಣ್ಣ ಎದ್ದು ನಿಂತ. ಎಂಥ ಮನೆ ಎಂದು ಕೇಳುವ ಮೊದಲೇ ಒಪ್ಪಿಕೊಂಡೂಬಿಟ್ಟ.

"ಜನ ಬಿಟ್ಟು ಹೋಗಿ ವರ್ಷಗಳೇ ಆಗಿರೋ ಮನೆ" ಎಂದರು ಮೇಡಂ. "ಒಂದು ಹಾಲ್, ಪಕ್ಕದಲ್ಲೇ ಅಡುಗೆಮನೆ. ಒಳಗೆಲ್ಲ ಹಾಳು ಸುರೀತಾ ಇರಬೇಕು."

ಅದೇನು ಮಹಾ ಎಂದುಕೊಂಡ ಚೊಕ್ಕಣ್ಣ. ಮಾಡಿಯೂ ಮಾಡಿದ. ಗೋಡೆಯ ಬಿರುಕುಗಳನ್ನು ಸ್ಕೇಲು ಇಟ್ಟು ಎಳೆದ. ಮೂಲೆಗೊಂದರಂತೆ ಜೇಡರಬಲೆ, ಎಲ್ಲವೂ ಒಂದೇ ಅಳತೆ. ಬಣ್ಣ ಕಿತ್ತುಬಂದ ಜಾಗಗಳಿಗೆ ಸೊಗಸಾದ ಅಂಚು ಕೊಟ್ಟ. ಕುರ್ಚಿಯೊಂದರ ಕಾಲನ್ನು ಮುರಿದು, ಮುರಿದ ತುದಿಗೆ ಉಪ್ಪುಕಾಗದ ಉಜ್ಜಿ ನಯಮಾಡಿದ.

ಮೇಡಂ ಬಗ್ಗಿ ಬಗ್ಗಿ ನೋಡಿದರು. "ಕೆಲಸ ತುಂಬ ಅಚ್ಚುಕಟ್ಟು" ಎಂದರು. ಚೊಕ್ಕಣ್ಣ ಹಿಗ್ಗಿದ. "ಅದೇ ತೊಂದರೆ. ಈ ಮನೆಯವರು ಎಲ್ಲೂ ಬಿಟ್ಟು ಹೋಗಿಲ್ಲ, ಮಾರ್ಕೆಟ್ಟಿಗೆ ಹೋಗಿದ್ದಾರೆ ಅಷ್ಟೆ. ಸಂಜೆ ವಾಪಸ್ ಬರ್ತಾರೆ. ಕೈಲಾಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ. ಮುಂದಿನ ವಾರ ಉದ್ಘಾಟನೆ. ಆ ಜಾಗಕ್ಕೆ ಒಂದು ದೊಡ್ಡ ಫೋಟೋ ಹಾಕ್ತೀವಿ."

ಚೊಕ್ಕಣ್ಣ ಮನೆಯನ್ನು ಹೊತ್ತುಕೊಂಡು ಮನೆಗೆ ಬಂದ. ಊಟ ಸೇರಲಿಲ್ಲ. ಜೀವಮಾನದಲ್ಲಿ ಒಂದಾದರೂ ತನ್ನ ಕೈಕೆಲಸ ಬೆಕ್ಕಿನ ಪಾಲಾಗದೆ ಉಳಿಯುವ ಯೋಗ ಬಂದಿತ್ತು, ಅದಕ್ಕೂ ಫೋಟೋ ಅಡ್ಡಬಂತು.

ಹೆಂಡತಿ ಲಾಂಡ್ರಿಯೊಂದರ ಕೌಂಟರಿನಲ್ಲಿ ಕೂರುವವಳು. ಅಂಗಿಯ ಮೇಲಿನ ಕಲೆ ಕಂಡರೆ ಅದರ ಪೂರ್ವೋತ್ತರವನ್ನೆಲ್ಲ ಹೇಳಬಲ್ಲಳು. ಅವಳು ಕನ್ನಡಕ ಏರಿಸಿ ಮಾದರಿಯ ಪುಟ್ಟ ಹಾಲ್‌ನೊಳಗೆ ಇಣುಕಿದಳು.

"ಮನೆ ಸುಮ್‌ಸುಮ್ನೆ ಹಾಳಾಗುತ್ತೇನ್ರೀ? ಅದಕ್ಕೊಂದು ಕಾರಣ ಬೇಡ್ವಾ? ನೀರೆಲ್ಲಿಂದ ಬಂತು?"

"ಯಾವ ನೀರೇ?"

"ಈ ಗೋಡೆ ಹಸಿಯಾಗೋಕೆ. ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇತ್ತು ಅಂತ ಇಟ್ಕೊಳ್ಳಿ. ಆ ಯಜಮಾನ ನಾಳೆ ಸರಿಮಾಡಿಸ್ತೀನಿ, ನಾಳೆ ಸರಿಮಾಡಿಸ್ತೀನಿ ಅಂತಾನೇ ಇದ್ದ."

ಒಳಗಿನಿಂದ ಅವರದೇ ನಲ್ಲಿ ಟಪ್ ಎಂದಿತು. ಅದರ ಕೆಳಗೆ ಚೊಕ್ಕಣ್ಣ ಫಳಫಳ ಹೊಳೆಯುವ ಬಕೆಟ್ ಇಟ್ಟಿದ್ದ, ಸುತ್ತ ಒಂದು ಹನಿ ಚೆಲ್ಲದಂತೆ. ನಲ್ಲಿ ಸರಿಮಾಡಿಸುವ ಮಾತು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

"ಸರಿ, ನೀರು ಅಲ್ಲಿಂದ" ಎಂದ ಚೊಕ್ಕಣ್ಣ, ಬೇಗ ಮಾತು ಮುಗಿಸಲು.

"ಯಜಮಾನನ ಕುರ್ಚಿ ಎಲ್ಲಿತ್ತು?"

"ಕಿಟಕಿ ಪಕ್ಕ."

"ಹಾಗಾದ್ರೆ ಗೋಡೆ ಮೇಲೆ ಅವನ ತಲೆ ತಾಗಿ ತಾಗಿ ಎಣ್ಣೆ ಕಲೆ ಆಗಿರಬೇಕು. ಕೂತ ಜಾಗದಿಂದ ಏಳೋ ಗಿರಾಕಿ ಅಲ್ಲ ಆತ. ಅಲ್ಲಿಂದಲೇ ಅದು ವಾರೆ ಇದೆ, ಇದು ಸೊಟ್ಟ ಇದೆ ಅಂತ ಬೆರಳು ತೋರಿಸ್ತಿದ್ದ."

"ಅವನ ಹೆಂಡತಿ ಕುರ್ಚಿ?"

"ಅವಳಿಗೆಲ್ಲಿತ್ತು ಕುರ್ಚಿ? ಕೂತಿದ್ರೆ ತಾನೆ ಬೇಕಾಗೋದು."

ಚೊಕ್ಕಣ್ಣ ಬಣ್ಣದ ಡಬ್ಬಿ ತೆರೆದ. ಕೆಲಸ ಹಿಡಿತಕ್ಕೆ ಬಂತು. ಮುಂಭಾಗ ತೆರೆದಿದ್ದ ಆ ಮೂರು ಗೋಡೆಗಳ ನಡುವೆ ಈಗ ಯಾರೋ ಇದ್ದರು, ಇದ್ದು ಹೋಗಿದ್ದರು. ಗೋಡೆಗೆ ಮೊದಲು ಕಂದು ಬಣ್ಣ ಬಳಿದು, ನೀರು ಸವರಿ ಅಡುಗೆ ಉಪ್ಪು ಉದುರಿಸಿದ. ಅದರ ಮೇಲೆ ನೀಲಿ ಬಣ್ಣ ಹೊಡೆದು ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದಾಗ ನೀಲಿ ಅಲ್ಲಲ್ಲಿ ಹಕ್ಕಳೆಯೆದ್ದು ಬಂತು. ಎಲ್ಲಿ ಏಳಬೇಕೆಂದು ಉಪ್ಪು ಅವನನ್ನು ಕೇಳಲಿಲ್ಲ, ಅದೇ ಅದರ ಒಳ್ಳೆಯ ಗುಣ. ಹಳೇ ಕಾಗದವನ್ನು ಚಹಾದ ನೀರಿನಲ್ಲಿ ನೆನೆಸಿ ಕ್ಯಾಲೆಂಡರ್ ಮಾಡಿದ. ಅಂಟನ್ನು ಬೆರಳ ತುದಿಗಳ ನಡುವೆ ಎಳೆದೆಳೆದು ಬಲೆ ನೇಯ್ದ. ಹಿಂದೆ ಫೋಟೋ ಇದ್ದ ಜಾಗದಲ್ಲಿ ಗೋಡೆ ಮಾಸದೆ ಒಂದು ಚೌಕ ಉಳಿದಿರಬೇಕೆಂದು ಹೆಂಡತಿಯೇ ಹೇಳಿಕೊಟ್ಟಳು. ಪಕ್ಕದ ಇನ್ನೊಂದು ಫೋಟೋವನ್ನು ಮಾತ್ರ ವಾರೆಯಾಗಿ ನೇತುಹಾಕಲು ಅವನಿಗೆ ಕೈ ಬರಲಿಲ್ಲ. ಅವಳೇ ಹಾಕಿದಳು.

ಕೊನೆಗೆ ಧೂಳು ಬೇಕಾಯಿತು. ಚೊಕ್ಕಣ್ಣನ ಮನೆಯಲ್ಲಿ ಅದಕ್ಕೆ ಬರ. ಹೆಂಡತಿ ಪಕ್ಕದ ಮನೆಗೆ ಹೋಗಿ ಕೇಳಿದಳು.

"ಅಲ್ಲ, ನಮ್ಮನೇಲಿ ಧೂಳಿದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಪಕ್ಕದ ಮನೆಯಾಕೆ, ಬಾಗಿಲನ್ನು ಅರ್ಧ ಮುಚ್ಚಿಕೊಂಡು.

ಆ ಸ್ನೇಹ ಸರಿಹೋಗಲು ಕೆಲವು ದಿನ ಹಿಡಿಯಿತು. ಧೂಳಿಗೆ ಬದಲಾಗಿ ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ನೆಲದ ತುಂಬ ಉದುರಿಸಿದರು. "ಮೇಲೊಂದು ಸಲ ವಾರ್ನಿಶ್ ಸ್ಪ್ರೇ ಮಾಡಿ, ಕೂತ್ಕೊಳ್ಳುತ್ತೆ" ಎಂದಳು ಹೆಂಡತಿ. "ಹೊಳಪು ಬಂದುಬಿಡುತ್ತೆ ಕಣೇ, ಹಾಗೇ ಇರ್ಲಿ" ಎಂದ ಅವನು. ಕಡೆಯ ಗಳಿಗೆಯಲ್ಲಿ ಅವನು ಸದ್ದಿಲ್ಲದೆ ಕಿಟಕಿಯ ಹತ್ತಿರ ಎರಡನೇ ಕುರ್ಚಿಯೊಂದನ್ನು ತಂದಿಟ್ಟ.

ಅವಳು ನೋಡಿದಳು. "ಈಗ ಬಂತಾ? ಎಲ್ಲಾ ಬಿಟ್ಟು ಹೋದ ಮೇಲೆ?"

ಆದರೂ ಅದನ್ನು ತೆಗೆಯಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಮನೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಮ್ಯೂಸಿಯಂ ತಲುಪಿದರು. ಬೂದಿ ಒಂದಿಷ್ಟೂ ಕದಲಿರಲಿಲ್ಲ. ಮಾದರಿಯನ್ನು ಪೀಠದ ಮೇಲಿಟ್ಟದ್ದಾಯಿತು, ಗಾಜು ಮುಚ್ಚುವುದೊಂದೇ ಬಾಕಿ. ಇಷ್ಟು ವರ್ಷಗಳ ಕಸುಬಿನಲ್ಲಿ ಗಾಜು ಮುಚ್ಚುವ ಮುನ್ನ ಚೊಕ್ಕಣ್ಣ ಮಾಡುತ್ತಿದ್ದ ಕೊನೆಯ ಕೆಲಸವೊಂದಿತ್ತು. ಅದನ್ನು ಅವನು ಮಾಡುತ್ತಿರಲಿಲ್ಲ, ಅವನ ಕೈ ಮಾಡುತ್ತಿತ್ತು. ಕೈ ಜೇಬಿಗೆ ಹೋಯಿತು, ಮೆತ್ತನೆಯ ಬ್ರಷ್ ಹೊರಗೆ ಬಂತು, ಬಾಗಿಲಿನಿಂದ ಕುರ್ಚಿಗಳವರೆಗೆ ನೀಟಾಗಿ ಒಂದು ಗುಡಿಸು ಗುಡಿಸಿತು.

ಪಾಳು ಮನೆಯ ನಟ್ಟನಡುವೆ ಥಳಥಳಿಸುವ ಒಂದು ಪಟ್ಟಿ.

"ಏನ್ ಮಾಡಿದ್ರಿ ಚೊಕ್ಕಣ್ಣ" ಎಂದಳು ಹೆಂಡತಿ, ಬಹಳ ಮೆಲ್ಲಗೆ.

 ಉಳಿದ ಬೂದಿಯನ್ನು ಅವರು ಜೊತೆಗೆ ತಂದಿರಲಿಲ್ಲ. ಪಡಸಾಲೆಯ ಆಚೆ ತುದಿಯಿಂದ ಮೇಡಂ ಅತಿಥಿಗಳ ಜೊತೆ ಬರುವ ಸದ್ದು ಕೇಳಿಸುತ್ತಿತ್ತು. ಅವರ ಹಿಂದೆ ಒಬ್ಬಾತ ದೊಡ್ಡದೊಂದು ಫೋಟೋವನ್ನು ಗೋಡೆಗೆ ಒರಗಿಸಿ ಇಡುತ್ತಿದ್ದ, ಬೇಕಾದೀತು ಎಂಬಂತೆ.

ಹೆಂಡತಿ ಮೂಲೆಯಲ್ಲಿದ್ದ ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ತಳು. ತನ್ನ ಕೈಚೀಲದ ಅಂಚಿನಿಂದ ಒಂದು ನೂಲೆಳೆದಳು. "ಬೇಗ ಕತ್ತರಿಸಿ, ಬೆರಳುದ್ದ." ಅವನು ಕತ್ತರಿಸಿದ, ತುದಿಗಳನ್ನು ಸಮಮಾಡಲೂ ಹೊರಟ. ಅವಳು ಅವನ ಕೈಗೊಂದು ಏಟು ಕೊಟ್ಟು, ತುದಿಗಳನ್ನು ಕೆದರಿ, ನೂಲು ಸುತ್ತಿ ಪುಟ್ಟ ಪೊರಕೆ ಮಾಡಿದಳು. ಗುಡಿಸಿದ ಪಟ್ಟಿ ಮುಗಿಯುವಲ್ಲಿ, ಎರಡನೇ ಕುರ್ಚಿಯ ಕಾಲಬುಡದಲ್ಲಿ ಅದನ್ನು ಮಲಗಿಸಿದಳು.

ಮೇಡಂ ಬಂದರು, ಬಗ್ಗಿದರು. ಈ ಸಲ ಬಹಳ ಹೊತ್ತು ಏಳಲಿಲ್ಲ.

"ಯಾರೋ ವಾಪಸ್ ಬಂದಿದ್ರು" ಎಂದರು ಕೊನೆಗೆ.

"ಹೂಂ ಮೇಡಂ, ಯಜಮಾನರೇ ಬಂದಿದ್ರು" ಎಂದಳು ಹೆಂಡತಿ. "ಜೀವನದಲ್ಲಿ ಮೊದಲನೇ ಸಲ ಪೊರಕೆ ಹಿಡಿದ್ರು. ಅರ್ಧಕ್ಕೇ ಕೂತುಬಿಟ್ರು, ಪಾಪ."

ಮೇಡಂ ನಗಲಿಲ್ಲ. ಹಿಂದಿದ್ದವನಿಗೆ ಫೋಟೋ ಒಳಗಿಡಲು ಹೇಳಿದರು. ಚೊಕ್ಕಣ್ಣನ ಕಡೆ ತಿರುಗಿ, "ಗಾಜು ಮುಚ್ಚಿಬಿಡಿ. ದಯವಿಟ್ಟು ಮೊದಲು ಆ ಬ್ರಷ್ ಜೇಬಿಗೆ ಹಾಕಿ" ಎಂದರು.

ಮನೆ ಈಗಲೂ ಅಲ್ಲಿದೆ, ಖಾಯಂ. ರಜೆಯ ದಿನ ಚೊಕ್ಕಣ್ಣ ಅದನ್ನು ನೋಡಲು ಹೋಗುತ್ತಾನೆ. ನೋಡುವವರು ಬಲೆಯನ್ನಾಗಲಿ, ಕಷ್ಟಪಟ್ಟು ಎಬ್ಬಿಸಿದ ಹಕ್ಕಳೆಯನ್ನಾಗಲಿ ಹೊಗಳುವುದಿಲ್ಲ. ಎಲ್ಲರೂ ಪೊರಕೆಯನ್ನೇ ತೋರಿಸುತ್ತಾರೆ. ಅವನ ಕಣ್ಣು ಮಾತ್ರ ಗೋಡೆಯ ಮೇಲಿನ ಆ ವಾರೆ ಫೋಟೋ ಬಿಟ್ಟು ಅಲುಗುವುದಿಲ್ಲ. ಬೆರಳು ತಾನಾಗಿ ಗಾಜಿಗೆ ಹೋಗುತ್ತದೆ, ಗಾಜಿನ ಮೇಲೆ ಗುರುತು ಬೀಳುತ್ತದೆ, ಅದನ್ನು ಕರವಸ್ತ್ರದಿಂದ ಒರೆಸುತ್ತಾನೆ. ಒರೆಸಲು ಹೊರಟ ಮೇಲೆ ಪಕ್ಕದ ಪೆಟ್ಟಿಗೆಗಳನ್ನು ಬಿಡುವುದು ಹೇಗೆ?

"ನಿಮ್ಮೆಜಮಾನ್ರು ಬಂದ ದಿನ ನಮಗೆ ಅರ್ಧ ಕೆಲಸ ಕಮ್ಮಿ ಅಮ್ಮಾ" ಎಂದ ಕಾವಲಿನವನು, ಹೆಂಡತಿಯೂ ಜೊತೆಗೆ ಬಂದಿದ್ದ ಒಂದು ದಿನ.

"ಹೊರಗಡೆ ಎಷ್ಟು ಬೇಕಾದ್ರೂ ಒರೆಸ್ಲಿ ಬಿಡಪ್ಪಾ" ಎಂದಳು ಹೆಂಡತಿ. "ಆ ಪೆಟ್ಟಿಗೆ ಬೀಗದ ಕೈ ಮಾತ್ರ ಕೊಡಬೇಡ."